ಬಾವಿಯ ತಳದಿಂದ ಬಾರದ ದನಿ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಾವಿಯ ತಳದ ಮೊದಲ ದೀಪ ಆರಿತು. ಗಡಿಯಾರ ನನ್ನ ಕೈಯಲ್ಲೇ ಇತ್ತು; ಆಟ ಯಾವ ಹೊತ್ತಿಗೆ ಎಲ್ಲಿಗೆ ಬಂದಿದೆ ಎಂದು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆ ದೀಪ ಆರಬೇಕಾದದ್ದು ಕೊಳವೆಬಾವಿ ಕೊರೆಯುವ ಹಾಡಿನಲ್ಲಿ. ಹಾಡು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕೆಳಗಿದ್ದ ಕೊಟ್ರೇಶ ಮರೆತು ಬೇಗ ಆರಿಸಿಬಿಟ್ಟ ಎಂದುಕೊಂಡೆ. ಮೆಟ್ಟಿಲುಗಳ ಮೇಲೆ ಕುಳಿತಿದ್ದ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ಜೊತೆ ನಾನೂ ತಟ್ಟಿದೆ.

ಪರಿಸರದ ವಿಷಯವನ್ನು ಜನರಿಗೆ ಚಿತ್ರ, ಹಾಡು, ಆಟಗಳ ಮೂಲಕ ಮುಟ್ಟಿಸುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜನರ ಮನಸ್ಸಿಗೆ ಹೇಗೆ ಇಳಿಯಬೇಕು ಎಂದು ಕೇಳುತ್ತಾರೆ. ಇಳಿಯುವುದು ಅಂಥ ಕಷ್ಟವಲ್ಲ. ಆ ನಾಲ್ಕು ಹತ್ತರ ಮಾತನ್ನು ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದೇನೆ. ಪೂರ್ತಿ ಹೇಳಲು ಹೋದಾಗಲೆಲ್ಲ ನಡುವೆಯೇ ಬೇರೆ ಮಾತಿಗೆ ಹೊರಳುತ್ತೇನೆ. ಬರೆಯುವುದು ಸುಲಭವಾದೀತು ಎಂದು ಕುಳಿತಿದ್ದೇನೆ.

ಪದವಿಯ ಮೇಲೆ ಚಿತ್ರಕಲೆಯನ್ನೂ ಕಲಿತಿದ್ದ ನನಗೆ ಕೊಟ್ಟೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕಾಳುಕಡಿ ಅಂಗಡಿಯ ಮಹಡಿಯ ಮೇಲೆ ನಮ್ಮ ಕಚೇರಿ. ಬೇಸಿಗೆಯಲ್ಲಿ ಕೆಳಗಿನ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಸೀನುತ್ತಲೇ ಸಭೆ ನಡೆಸುತ್ತಿದ್ದೆವು. ಮೇಲಧಿಕಾರಿ ರುದ್ರಮುನಿ ಸರ್, ಹೈಸ್ಕೂಲಿನಲ್ಲಿ ಹೆಡ್ಮಾಸ್ತರಾಗಿ ನಿವೃತ್ತರಾದವರು. ಅವರಿಗೆ ಘೋಷಣೆಗಳ ಮೇಲೆ ಬಲು ನಂಬಿಕೆ.

"ಗೋಡಿ ಕಂಡಲ್ಲಿ ಬರೀರಿ. ದೊಡ್ಡ ಅಕ್ಷರದಾಗ ಬರೀರಿ. ಜನ ಓದಲೇಬೇಕು," ಎನ್ನುತ್ತಿದ್ದರು.

ಬರೆದೆವು. ಹಡಗಲಿ ಹಾದಿಯ ಒಂದು ಊರಿನಲ್ಲಿ 'ಕಾಡು ಉಳಿಸಿ' ಎಂದು ಬಿಸಿಲಲ್ಲಿ ನಿಂತು ಬರೆದು, ವಾರ ಬಿಟ್ಟು ಹೋಗಿ ನೋಡಿದರೆ ಅದರ ಮೇಲೆ ಸಾಲಾಗಿ ಸಗಣಿಯ ಕುಳ್ಳು ತಟ್ಟಿದ್ದರು. ಆ ಮನೆಯ ಅಜ್ಜಿಯನ್ನು ಕೇಳಿದೆ. ಆಕೆ, "ನೀನು ಬಣ್ಣ ಬಳದ ಮ್ಯಾಲ ಗೋಡಿ ಚೊಲೊ ಆಗೇತವ್ವ, ಕುಳ್ಳು ಗಟ್ಟಿ ಹಿಡಕೊಂತಾವ," ಎಂದು ನನ್ನನ್ನು ಹರಸಿದಳು.

ಅಲ್ಲಿಂದ ನಮ್ಮ ದಾರಿ ಬದಲಾಯಿತು. ಉಪದೇಶ ಬಿಟ್ಟು, ಇಲ್ಲದ ಊರುಗಳನ್ನು ಕಟ್ಟತೊಡಗಿದೆವು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಉದ್ದ ಬಟ್ಟೆಯ ಮೇಲೆ, ನೂರು ವರ್ಷ ಕಳೆದ ಮೇಲೆ ಆ ಸೀಮೆ ಹೇಗಿರಬಹುದು ಎಂಬ ನಕ್ಷೆ ಬರೆದೆ. ಹಳ್ಳ ಇದ್ದಲ್ಲಿ ಹಳ್ಳವಿಲ್ಲ, ಹೊಲವಿದ್ದಲ್ಲಿ ಬರೀ ಬಿಳಿ. ಸಂತೆಯ ದಿನ ಅದನ್ನು ತೂಗುಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ತಾಲ್ಲೂಕು ಕಚೇರಿಯ ಮುಂದೆ ಜನ ಸೇರಿದ್ದರು. ಸರ್ಕಾರ ತಮ್ಮ ಹೊಲಗಳನ್ನು ಅಳಿಸಿಹಾಕಿದೆ ಎಂದು ಅವರ ದೂರು. ರುದ್ರಮುನಿ ಸರ್ ಓಡಿಹೋಗಿ ಕೈಮುಗಿದು, "ಇದು ಬರೇ ಚಿತ್ರರಿ, ನಮ್ಮ ಹುಡುಗಿ ಮನಸಿಗೆ ಬಂದಂಗ ಬರದಾಳ," ಎಂದರು.

ಒಬ್ಬ ಕುರಿಗಾರ ನನ್ನನ್ನೇ ನೋಡುತ್ತ, "ಮನಸಿಗೆ ಯಾಕ ಬಂತು? ಎಲ್ಲೋ ಕೇಳಿರ್ಬೇಕಲ್ಲ," ಎಂದ. ನಾನು ಬಟ್ಟೆ ಬಿಚ್ಚಲು ಸಂತೆಯ ಕಡೆ ನಡೆದೆ.

ಮಾಗಳದಲ್ಲಿ ಹೊಳೆಯ ಮರಳಿನ ಬಗ್ಗೆ ಒಂದು ಕಥೆ ಹೆಣೆದೆವು. ತುಂಗಭದ್ರೆಯ ಕೊನೆಯ ಮಡುವಿನಲ್ಲಿ ಹರಿಗೋಲಿಗಿಂತ ದೊಡ್ಡದೊಂದು ಮೀನಿದೆ. ಅದರ ಹಾಸಿಗೆ ಮರಳು. ಹಾಸಿಗೆ ಎಳೆದರೆ ಅದು ಎದ್ದು ಕೂರುತ್ತದೆ. ಮಕ್ಕಳಿಗಾಗಿ ಮಾಡಿದ ಕಥೆ. ಮೂರನೆಯ ದಿನ ಮರಳು ತುಂಬುವ ಆಳುಗಳು ನೀರಿಗೆ ಇಳಿಯಲಿಲ್ಲ. ಗುತ್ತಿಗೆದಾರ ಕೊಟ್ಟೂರಿನ ಕಚೇರಿಯವರೆಗೂ ಬಂದು ಕೂಗಾಡಿ ಹೋದ. ನಾವು ಬಾಗಿಲು ಹಾಕಿಕೊಂಡು ನಕ್ಕೆವು. ಮುಂದಿನ ಸಲ ಹೋದಾಗ ಇಬ್ಬರು ಮಕ್ಕಳು, ಮೀನನ್ನು ನೋಡಿದ್ದಾಗಿ, ಅದರ ಕಣ್ಣು ಯಾವ ಬಣ್ಣ ಎಂಬುದರ ಸಮೇತ, ನನಗೆ ಹೇಳಿದರು. ನಾನು ಬರೆದ ಮೀನಿಗೆ ಕಣ್ಣು ಮುಚ್ಚಿತ್ತು. ಅವರು ಹೇಳಿದ ಬಣ್ಣವನ್ನು ಕೇಳಿ ಮಡುವಿನ ಕಡೆ ಒಮ್ಮೆ ತಿರುಗಿ ನೋಡಿದೆ. ಆದರೂ ಒಳಗೊಳಗೆ ಹೆಮ್ಮೆ. ಕಲ್ಪನೆಯನ್ನು ಜನ ನಿಜವೆಂದು ನಂಬುತ್ತಾರೆ ಎಂಬುದಷ್ಟೇ ನಮಗೆ ಅರ್ಥವಾಗಿತ್ತು. ಅದರ ಇನ್ನೊಂದು ಮಗ್ಗಲು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಆ ಹೊತ್ತಿಗೆ ಕೊಟ್ರೇಶ, ಅವನ ತಾಯಿ ಸುಂಕವ್ವ ನಮ್ಮ ಜೊತೆ ಸೇರಿದ್ದರು. ಹರಪನಹಳ್ಳಿ ಕಡೆಯವರು, ತೊಗಲುಗೊಂಬೆ ಆಡಿಸುವ ಮನೆತನ. ಗೊಂಬೆಯಾಟಕ್ಕೆ ಕರೆಯುವವರು ಕಡಿಮೆಯಾಗಿ, ಕೊಟ್ರೇಶ ರೇಡಿಯೋ ರಿಪೇರಿ ಮಾಡಿಕೊಂಡಿದ್ದ. ಮೈಯೆಲ್ಲ ಎಲುಬು, ದನಿ ಮಾತ್ರ ನಗಾರಿ. ತಾಯಿ ಹಾಡಿದರೆ ಮಗ ಉತ್ತರ ಕೊಡಬೇಕು. ಅದು ಅವರ ಮನೆಯ ಪದ್ಧತಿ. ಪರದೆಯ ಹಿಂದೆ ಕತ್ತಲಲ್ಲಿ ಕೂತ ಗೊಂಬೆಯವನು ಎಚ್ಚರವಾಗಿದ್ದಾನೆ ಎಂದು ಹಾಡುವವರಿಗೆ ತಿಳಿಯುವುದು ಆ ಉತ್ತರದಿಂದಲೇ.

ಕೂಡ್ಲಿಗಿ ತಾಲ್ಲೂಕಿನ ಒಂದು ಊರಲ್ಲಿ ಕಲ್ಲು ಮೆಟ್ಟಿಲಿನ ಹಳೆಯ ಬಾವಿ ಇತ್ತು. ಊರ ಹೆಸರು ಬೇಡ. ಸುತ್ತ ಕೊಳವೆಬಾವಿಗಳು ಬಂದ ಮೇಲೆ ಅದು ಬತ್ತಿತ್ತು. ಜನ ಅದಕ್ಕೆ ಕಸ ಸುರಿಯುತ್ತಿದ್ದರು. ಅಲ್ಲೇ ಆಡೋಣ ಎಂದವಳು ನಾನು, ಕುಣಿದವನು ಕೊಟ್ರೇಶ, ಒಪ್ಪಿದವರು ರುದ್ರಮುನಿ ಸರ್. ಕಥೆ ಹೀಗೆ: ನಮ್ಮ ಬಾವಿಗಳನ್ನು ಬಿಟ್ಟುಹೋದ ನೀರೆಲ್ಲ ನೆಲದಡಿಯ ಒಂದು ಊರಿನಲ್ಲಿ ವಾಸವಾಗಿದೆ. ಆ ಊರಿನವರು ಮೇಲಿನ ಒಂದೊಂದು ಬಾವಿಗೆ ಒಂದೊಂದು ದೀಪ ಹಚ್ಚಿಟ್ಟಿದ್ದಾರೆ. ಮೇಲೆ ನೆಲ ಕೊರೆದಾಗಲೆಲ್ಲ ಕೆಳಗೆ ಒಂದು ದೀಪ ಆರುತ್ತದೆ. ಎಲ್ಲ ಆರಿ ಕತ್ತಲಾದಾಗ ನೀರಿನ ಮಗ ಮಲಗಿಬಿಡುತ್ತಾನೆ. ಆಗ ಬಾವಿಯ ಬಾಯಿಗೆ ಕಟ್ಟಿದ ಕರಿಯ ಟಾರ್ಪಾಲನ್ನು ಒಮ್ಮೆಲೇ ಎಳೆಯಬೇಕು, ಆಕಾಶ ಒಳಗೆ ಬೀಳಬೇಕು.

ಮಕ್ಕಳನ್ನು ಕಥೆಯೊಳಗೆ ಸೇರಿಸಿಕೊಳ್ಳಬೇಕೆಂದು, ಕೆಲವು ದಿನ ಮೊದಲೇ ಶಾಲೆಗೆ ಹೋಗಿ ಹಾಡಿನ ಉತ್ತರವನ್ನು ಅವರಿಗೂ ಕಲಿಸಿದ್ದೆವು. ಸುಂಕವ್ವ, "ನೀರಿನ ಮಗನ, ಅದೀಯೇನು?" ಎಂದು ಕೇಳಬೇಕು. ಕೆಳಗಿನಿಂದ ಕೊಟ್ರೇಶ, "ಅದೀನಿ," ಎನ್ನಬೇಕು, ಇದ್ದೇನೆ ಎಂದು. ಕೊನೆಯಲ್ಲಿ ಮಕ್ಕಳೆಲ್ಲ ಸೇರಿ ಅನ್ನಬೇಕು. ಮಕ್ಕಳಿಗೆ ಅದೆಷ್ಟು ಹಿಡಿಸಿತೆಂದರೆ ಹಾಜರಿ ಕರೆದಾಗಲೂ ಹಾಗೆಯೇ ಹೇಳುತ್ತಿದ್ದರಂತೆ.

ಹಾಳುಬಾವಿಗೆ ಇಳಿಯುವ ಮೊದಲು ಉರಿಯುವ ಕಂದೀಲು ಇಳಿಬಿಟ್ಟು ನೋಡಬೇಕು, ಅದು ಆರಿದರೆ ಕೆಳಗೆ ಉಸಿರುಗಟ್ಟಿಸುವ ಕೆಟ್ಟ ಗಾಳಿಯಿದೆ ಎಂಬುದು ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ನಾವೂ ಬಿಟ್ಟು ನೋಡಿದ್ದೆವು, ಕಸ ತೆಗೆಯಲು ಹೋದ ಮೊದಲ ದಿನ. ಕಂದೀಲು ತಳ ಮುಟ್ಟಿದರೂ ಚೆನ್ನಾಗಿ ಉರಿಯಿತು. ಆಮೇಲೆ ನೆಲದಡಿಯ ಆ ಊರು ಕಾಡಿನಂತೆ ಕಾಣಲಿ ಎಂದು ತಳದ ಹಸಿ ಮಣ್ಣಿನ ಮೇಲೆ ಬೇವಿನ, ಹೊಂಗೆಯ ಟೊಂಗೆಗಳನ್ನು ಗಾಡಿಗಟ್ಟಲೆ ತಂದು ಹಾಸಿದೆವು. ಮಳೆ ಬಂದೀತೆಂದು ಟಾರ್ಪಾಲು ಕಟ್ಟಿದೆವು. ಮಳೆ ಬಂತು. ಆಟ ಮುಂದಿನ ವಾರಕ್ಕೆ ಹೋಯಿತು. ಅಷ್ಟು ದಿನವೂ ಆ ಸೊಪ್ಪು ಕತ್ತಲೆಯಲ್ಲಿ, ಹಸಿಯಲ್ಲಿ, ಮುಚ್ಚಳದ ಕೆಳಗೆ ಕೊಳೆಯುತ್ತ, ತುಳಿದರೆ ಮೇಲೇಳುವಂತೆ ಕೆಟ್ಟ ಗಾಳಿಯನ್ನು ತನ್ನೊಳಗೆ ತುಂಬಿಕೊಂಡಿತು. ಬಾವಿ ಒಮ್ಮೆ ನೋಡಿದ್ದಾಗಿದೆ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದೆವು.

ಎರಡನೆಯ ದೀಪ ಆರಿತು. ಮೂರನೆಯದು ಮೊದಲು ನೀಲಿಯಾಗಿ, ಸಣ್ಣಗಾಗಿ, ಬತ್ತಿಯ ಮೇಲೆ ಒಂದು ಕ್ಷಣ ತೇಲಿ ಹೋಯಿತು. ತಳದಲ್ಲಿ ಕೊಟ್ರೇಶ ಸೊಪ್ಪಿನ ಮೇಲೆ ಕುಣಿಯುವ ಸಪ್ಪಳ ಕೇಳುತ್ತಿತ್ತು. ಕುಣಿತ ನಿಧಾನವಾಯಿತು. ಅವನು ಪಾತ್ರಕ್ಕೆ ಹೊಸ ನಡೆ ಸೇರಿಸಿದ್ದಾನೆ ಎಂದುಕೊಂಡೆ, ನಿಜವಾಗಿ ಮೆಚ್ಚಿಕೊಂಡೆ. ನನ್ನ ಪಕ್ಕದಲ್ಲಿ ನಿಂತಿದ್ದ ರುದ್ರಮುನಿ ಸರ್ ಪಿಸುದನಿಯಲ್ಲಿ, "ಹುಡುಗ ಇವತ್ತ ಮೈಮರ್ತಾನ ನೋಡ್ರಿ," ಎಂದರು.

ಬಾವಿಯ ನಡುಭಾಗದ ಕಟ್ಟೆಯ ಮೇಲೆ ಕೂತಿದ್ದ ಸುಂಕವ್ವ ಹಾಡಿದಳು: "ನೀರಿನ ಮಗನ, ಅದೀಯೇನು?"

ಸ್ವಲ್ಪ ತಡವಾಗಿ, "ಅದೀನಿ," ಎಂದು ಬಂತು. ದನಿ ಬಹಳ ಕೆಳಗಿನಿಂದ, ಬಟ್ಟೆ ಮುಚ್ಚಿಕೊಂಡು ಹೇಳಿದಂತೆ.

ಸೊಪ್ಪು ಸರಕ್ಕೆಂದಿತು. ಆಮೇಲೆ ಏನೂ ಕೇಳಿಸಲಿಲ್ಲ. ದೀಪಗಳು ಈಗ ತಳದಿಂದ ಮೆಟ್ಟಿಲು ಹತ್ತುತ್ತಿದ್ದವು, ಅಂದರೆ ಒಂದೊಂದೇ ಮೆಟ್ಟಿಲಿನ ದೀಪ ಆರುತ್ತ ಮೇಲೆ ಬರುತ್ತಿತ್ತು. ಗಾಳಿಯಿಲ್ಲ, ಯಾರ ಕೈಯೂ ಇಲ್ಲ. ಕಾಣದ ನೀರು ಬಾವಿಗೆ ಏರುತ್ತಿರುವ ಹಾಗೆ. ಅಷ್ಟು ಚೆಂದದ ನೋಟವನ್ನು ನಾನು ಮತ್ತೆಂದೂ ನೋಡಿಲ್ಲ.

"ನೀರಿನ ಮಗನ, ಅದೀಯೇನು?"

"ಅದೀನಿ," ಎಂದಿತು ಬಾವಿ.

ಅದು ಮಕ್ಕಳು. ತಮ್ಮ ಸರದಿ ಬಂತೆಂದು ಒಕ್ಕೊರಲಿನಿಂದ ಹೇಳಿದ್ದರು. ಕಲ್ಲಿನ ಗೋಡೆಗಳು ಆ ದನಿಯನ್ನು ಕೆಳಗೆ ಒಯ್ದು, ತಿರುಗಿಸಿ ಕೊಟ್ಟವು. ಸುಂಕವ್ವನ ಹಾಡು ನಿಂತಿತು. ಆಕೆ ಕತ್ತು ಚಾಚಿ ಕೆಳಗೆ ನೋಡಿದಳು. ಕೆಳಗೆ ನೋಡಲು ಏನೂ ಉಳಿದಿರಲಿಲ್ಲ.

"ಕೊಟ್ರ್ಯಾ," ಎಂದಳು, ಹಾಡಿನ ದನಿಯಲ್ಲಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ. "ಲೇ ಕೊಟ್ರ್ಯಾ."

"ಅದೀನಿ," ಎಂದರು ಮಕ್ಕಳು, ಇನ್ನೂ ಜೋರಾಗಿ. ಯಾರೋ ನಕ್ಕರು. ಚಪ್ಪಾಳೆ ಬಿತ್ತು.

ಇಷ್ಟು ವರ್ಷವಾದರೂ ನನ್ನ ಕಿವಿಯಲ್ಲಿ ತಿರುತಿರುಗಿ ನಡೆಯುವುದು ಇಷ್ಟೇ. ಒಬ್ಬ ತಾಯಿ ಮಗನನ್ನು ಕರೆಯುತ್ತಾಳೆ, ನಾವು ಕಲಿಸಿದ ಮಕ್ಕಳು ಅವನ ಬದಲಿಗೆ ಓಗೊಡುತ್ತಾರೆ.

ಸುಂಕವ್ವ ಎದ್ದು ಕೆಳಗೆ ಇಳಿಯಲು ಒಂದು ಕಾಲಿಟ್ಟಳು. ಮೊದಲ ದಿನದ ಕಂದೀಲು ಆಗ ನೆನಪಾಯಿತು; ನಾನು ಮಕ್ಕಳ ನಡುವಿನಿಂದ ಜಾರುತ್ತ ಬಂದು ಆಕೆಯ ಸೊಂಟ ಹಿಡಿದೆ. ಆಕೆಯ ಕಾಲ ಬಳಿಯ ದೀಪ ನೀಲಿಯಾಗುತ್ತಿತ್ತು. ಕೆಳಗಿನ ಸಾಲಿನ ಮಕ್ಕಳು ಅಲ್ಲಿಂದ ಒಂದು ಮಾರು ಮೇಲೆ ಅಷ್ಟೆ.

"ಬಿಡ್ರಿ ಅಕ್ಕಾರ. ನನ್ನ ಮಗ."

"ನೀನು ಇಳದ್ರ ಮಕ್ಕಳೂ ಹೆದರಿ ಓಡ್ತಾವ ಯವ್ವ. ಇಕ್ಕಟ್ಟು ಐತಿ, ತುಳಿದಾಡಿ ಕೆಳಗ ಬೀಳ್ತಾವ. ಮೊದಲು ಇವನ್ನ ಮ್ಯಾಲ ಹತ್ತಸು. ನೀನು ಹಾಡಿದ್ರ ಹತ್ತತಾವ."

ಆಕೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಆಮೇಲೆ ಬಾವಿಯ ತಳಕ್ಕೆ ಬೆನ್ನು ಮಾಡಿ ನಿಂತು, ಕಥೆಯ ಕೊನೆಯ ಹಾಡನ್ನು ಎತ್ತಿಕೊಂಡಳು. ನೀರು ಮೇಲೇರಿ ಹೊಲಕ್ಕೆ ಹೋಗುವ ಹಾಡು ಅದು. ನಡುವೆ ತಾನೇ ಮಾತು ಸೇರಿಸಿದಳು: "ಬರ್ರೋ ನೀರಿನ ಮಕ್ಕಳ, ಹಿಂದಿನ ಸಾಲಿನೋರು ಮೊದಲು, ಕೈ ಕೈ ಹಿಡೀರಿ, ಸಾವಕಾಶ ಹತ್ರಿ." ದನಿ ಒಂದಿಷ್ಟೂ ಅಲುಗಲಿಲ್ಲ. ಮಕ್ಕಳು ಆಟದ ಹೊಸ ಭಾಗವೆಂದು ಕೈ ಹಿಡಿದುಕೊಂಡು, ನಗುತ್ತ, ಹಾಡುತ್ತ ಹತ್ತಿದರು. ಕೊನೆಯ ಮಗುವಿನ ಹಿಂದೆ ಆಕೆ ಹತ್ತಿದಳು. ಮೇಲೆ ಬಂದು ಕಟ್ಟೆ ಹಿಡಿದುಕೊಂಡ ಮೇಲೆಯೇ ಹಾಡು ಬಾಯಲ್ಲಿ ಮುರಿಯಿತು.

ಅಷ್ಟರಲ್ಲಿ ರುದ್ರಮುನಿ ಸರ್ ಟಾರ್ಪಾಲು ಎಳೆಸಿದ್ದರು. ಊರಿನವರಿಗೆ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ. ಕುರಿಗಾರರು ಕಂಬಳಿಗಳಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಮೇಲೆ ಕೆಳಗೆ ಜಗ್ಗಿ ಗಾಳಿ ಕಲಕಿದರು. ಹೆಂಗಸರು ನಲ್ಲಿಯಿಂದ ಕೊಡಗಟ್ಟಲೆ ನೀರು ತಂದು ಗೋಡೆಯ ಗುಂಟ ಸುರಿದರು. ಬತ್ತಿದ ಬಾವಿಯಲ್ಲಿ ನೀರು ಬೀಳುವ ಸಪ್ಪಳ ಕೇಳಿ ಮಕ್ಕಳು ಮತ್ತೆ ಕುಣಿದಾಡಿದರು. ಅವರಿಗೆ ಆಟ ಇನ್ನೂ ಮುಗಿದಿರಲಿಲ್ಲ.

ಕೆಳಗೆ ಇಳಿಯುವವರು ಯಾರು ಎಂಬ ಮಾತು ಬರುವ ಮೊದಲೇ ಸರ್ ಕೋಟು ಕಳಚಿ ನನ್ನ ಕೈಗೆ ಕೊಟ್ಟು, ಸೊಂಟಕ್ಕೆ ಹಗ್ಗ ಬಿಗಿಸಿಕೊಳ್ಳುತ್ತಿದ್ದರು.

"ನಿಮಗ ವಯಸ್ಸಾಗೇತ್ರಿ ಸರ," ಎಂದೆ.

"ಅದಕ್ಕ ಹೇಳ್ತೀನಿ, ಉಸಿರು ಕಡಿಮಿ ಸಾಕು ನನಗ," ಎಂದು ಒದ್ದೆ ಟವೆಲು ಬಾಯಿಗೆ ಕಟ್ಟಿಕೊಂಡರು.

ಮೊದಲ ಸಲ ಅರ್ಧದಿಂದಲೇ ತೂರಾಡಿದರು, ಎಳೆದುಕೊಂಡೆವು. ಕಟ್ಟೆಯ ಮೇಲೆ ವಾಂತಿ ಮಾಡಿ, ಮತ್ತೆ ಇಳಿದರು. ಎರಡನೆಯ ಸಲ ಕೊಟ್ರೇಶನ ಕಂಕುಳಿಗೆ ಹಗ್ಗ ಹಾಕಿದರು. ಅವನು ಮೇಲೆ ಬಂದಾಗ ಮುಖಕ್ಕೆ ಬಳಿದಿದ್ದ ನೀಲಿ ಬಣ್ಣದಿಂದ, ಅವನ ಸ್ವಂತ ಬಣ್ಣ ಏನಾಗಿದೆ ಎಂದೇ ಗೊತ್ತಾಗಲಿಲ್ಲ. ಸುಂಕವ್ವ ಸೆರಗಿನಿಂದ ಅದನ್ನು ಒರೆಸುತ್ತಲೇ ಇದ್ದಳು. ಎದೆ ಒತ್ತಿದರು, ಗಾಳಿ ಬೀಸಿದರು. ಬಹಳ ಹೊತ್ತಿನ ಮೇಲೆ, ಹಳೆಯ ಬಾಗಿಲು ತೆಗೆದಂತೆ ಗಂಟಲಲ್ಲಿ ಸದ್ದಾಯಿತು. ಒಂದು ಜೀಪಿನಲ್ಲಿ ಕೂಡ್ಲಿಗಿಗೆ, ಅಲ್ಲಿಂದ ಬಳ್ಳಾರಿಗೆ ಒಯ್ದೆವು. ದಾರಿಯುದ್ದಕ್ಕೂ ನಾನು ಅವನ ಎದೆಯ ಮೇಲೆ ಕೈಯಿಟ್ಟು, ಅದು ಏಳುತ್ತದೆಯೇ ಎಂದು ನೋಡುತ್ತ ಕೂತಿದ್ದೆ.

ಬದುಕಿದ. ಆದರೆ ಬಿಟ್ಟುಹೋದದ್ದು ಬಹಳ. ಮಾತು ನಿಧಾನವಾಯಿತು; ಕೇಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ರೇಡಿಯೋದ ಸಣ್ಣ ಸ್ಕ್ರೂ ಹಿಡಿಯಲು ಬೆರಳು ಒಗ್ಗುತ್ತಿರಲಿಲ್ಲ. ಡಾಕ್ಟರು, ಪೂರ್ತಿ ಬರಬಹುದು, ಬಾರದೆಯೂ ಇರಬಹುದು ಎಂದರು. ಸುಂಕವ್ವ ಹಾಡುವುದನ್ನು ಬಿಟ್ಟಳು.

ಒಂದು ತಿಂಗಳಾದ ಮೇಲೆ ನಾನು ಆ ಊರಿನ ಶಾಲೆಗೆ ಹೋದೆ. ಮಕ್ಕಳು ಆಟದ ಚಿತ್ರ ಬರೆದಿದ್ದರು. ಎಲ್ಲರ ಬಾವಿಯಲ್ಲೂ ದೀಪಗಳು ಆರಿದ್ದವು. ಒಬ್ಬ ಹುಡುಗಿಯ ಚಿತ್ರದಲ್ಲಿ ತಳದ ತುಂಬ ಬಾಯಿ ತೆರೆದ ಮುಖಗಳು.

"ಯಾರವ್ವ ಇವರು?"

"ನೀರಿನ ಊರಿನೋರು ರೀ."

"ಕೊಟ್ರೇಶಣ್ಣ ಎಲ್ಲಿ?"

"ಅಂವ ಮ್ಯಾಲ ಬಂದ್ನಲ್ರಿ. ಇವರು ಅಲ್ಲೇ ಅದಾರ. ಅವರೂ 'ಅದೀನಿ' ಅಂದ್ರಲ್ರಿ."

"ಅಂದದ್ದು ನೀವಲ್ಲೇನು?"

"ಮೊದಲು ನಾವ್ ಅಂದ್ವಿ ರೀ. ಆಮ್ಯಾಲ ಅವರು ಅಂದ್ರು," ಎಂದು ಹುಡುಗಿ ಬಣ್ಣದ ಕಡ್ಡಿಗಳನ್ನು ಡಬ್ಬಿಗೆ ತುಂಬತೊಡಗಿದಳು.

ಕಲ್ಲಿನ ಪ್ರತಿಧ್ವನಿ ಎಂದು ಆಕೆಗೆ ವಿವರಿಸಬಹುದಿತ್ತು. ವಿವರಿಸಲಿಲ್ಲ, ಏಕೆಂದರೆ ನನಗೂ ಎರಡು ಸಲ ಕೇಳಿತ್ತು.

ಊರಿನವರು ಬಾವಿಗೆ ಕಸ ಹಾಕುವುದನ್ನು ಬಿಟ್ಟರು. ಅದರ ಸುತ್ತ ಮುಳ್ಳು ಕಟ್ಟಿದರು. ಹೊಸ ಕೊಳವೆಬಾವಿ ಕೊರೆಯಲು ಬಂದ ಲಾರಿಯನ್ನು, ಈ ಬಾವಿಯ ಆಸುಪಾಸು ಬೇಡ ಎಂದು ತಿರುಗಿಸಿ ಕಳಿಸಿದರಂತೆ. ಸುದ್ದಿ ತಂದ ರುದ್ರಮುನಿ ಸರ್, "ನೋಡ್ರಿ, ನಾವು ಅಂದುಕೊಂಡಿದ್ದೆಲ್ಲ ಆತು," ಎಂದು ಹೇಳಿ, ಮೇಜಿನ ಮೇಲೆ ಎರಡೂ ಕೈಯಿಟ್ಟು ಅತ್ತರು. ಕೆಳಗಿನ ಅಂಗಡಿಯ ಘಾಟಿಗೆ ಕಣ್ಣೀರು ಬಂತೆಂದು ಆಮೇಲೆ ಜವಾನನಿಗೆ ಹೇಳಿದರು.

ಹೊಸಬರಿಗೆ ಹೇಳಬೇಕಾದ್ದು ಇಲ್ಲಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಜನ ಚಿತ್ರವನ್ನು ನಿಜವೆಂದು ತಿಳಿದರು. ಅದರಿಂದ ಒಂದು ಮಧ್ಯಾಹ್ನ ಗಲಾಟೆಯಾಯಿತು, ಅಷ್ಟೆ. ಬಾವಿಯಲ್ಲಿ ನಾವು ನಿಜವನ್ನು ಚಿತ್ರವೆಂದು ತಿಳಿದೆವು. ಕಲ್ಪನೆ ಚೆನ್ನಾಗಿ ಕಟ್ಟಿದಷ್ಟೂ ಈ ಅಪಾಯ ದೊಡ್ಡದು, ಮತ್ತು ಅದು ಮೊದಲು ಬಡಿಯುವುದು ಕಟ್ಟಿದವರ ಕಣ್ಣಿಗೆ. ಪರಿಸರ ಉಳಿಸುವ ಕಥೆ ಹೇಳಲು ಟೊಂಗೆ ಕಡಿದು ಹಾಸಿದ್ದರಲ್ಲಿ ತಪ್ಪಿದೆ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅದು ಅಷ್ಟು ಚೆಂದ ಕಾಣುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ಆಟಗಳನ್ನು ಬಯಲಲ್ಲೇ ಆಡಿದೆವು, ಹಗಲಲ್ಲೇ. ಉಜ್ಜಿನಿಯಲ್ಲಿ, ಹಡಗಲಿಯಲ್ಲಿ, ಎಲ್ಲಿ ಹೋದರೂ ಒಬ್ಬರನ್ನು ಕಥೆಯ ಹೊರಗೆ ನಿಲ್ಲಿಸುತ್ತಿದ್ದೆ. ಆಟ ನೋಡುವುದು ಅವರ ಕೆಲಸವಲ್ಲ. ಆಡುವವರ ಉಸಿರು, ಕೂತವರ ಕಾಲಡಿ, ಹೊರಗೆ ಹೋಗುವ ದಾರಿ, ಇಷ್ಟನ್ನೇ ನೋಡಬೇಕು. ಚೆನ್ನಾಗಿದೆ ಎಂದು ಅವರಿಗೆ ಅನ್ನಿಸಿತೋ, ಆ ದಿನಕ್ಕೆ ಅವರನ್ನು ಬದಲಾಯಿಸುತ್ತಿದ್ದೆ. ನೋಡುವವರಿಗೆ ಏನನ್ನಾದರೂ ಕಲಿಸಿ, ಆದರೆ ಆಡುವವನ ಪರವಾಗಿ ಉತ್ತರ ಹೇಳುವುದನ್ನು ಕಲಿಸಬೇಡಿ. ಈ ಮಾತು ಯಾವ ತರಬೇತಿಯಲ್ಲೂ ಸಿಗುವುದಿಲ್ಲ.

ನನ್ನ ರಾತ್ರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣು ಹತ್ತಿದೊಡನೆ ಮಕ್ಕಳ ದನಿ. ಎದ್ದು ಕೂತರೆ ಪಕ್ಕದಲ್ಲಿ ಮಲಗಿದವರು ಯಾರೇ ಇರಲಿ, ಅಕ್ಕನಾಗಲಿ ಅವಳ ಮಗಳಾಗಲಿ, ಅವರ ಮೂಗಿನ ಹತ್ತಿರ ಕೈಯಿಟ್ಟು ನೋಡುವುದು. ಅವರು ಬೆಚ್ಚಿ ಏಳುವುದು. ಕೊನೆಗೆ ನನ್ನ ಜೊತೆ ಮಲಗಲು ಯಾರೂ ಒಪ್ಪುತ್ತಿರಲಿಲ್ಲ. ಒಬ್ಬಳೇ ಮಲಗಿದರೆ ನನ್ನ ಉಸಿರನ್ನೇ ಎಣಿಸುತ್ತಿದ್ದೆ.

ಕೊಟ್ರೇಶನನ್ನು ನೋಡಲು ಹರಪನಹಳ್ಳಿಗೆ ಆಗಾಗ ಹೋಗುತ್ತಿದ್ದೆ. ಪ್ರತಿ ಸಲವೂ ಅವನ ಮಾತು ಒಂದಿಷ್ಟು ಬೇಗವಾಗಿರುತ್ತಿತ್ತು. ಮದುವೆಯಾಯಿತು. ಹೆಂಡತಿ ಕೊಟ್ರಮ್ಮ, ಬಾಯಿ ಬಲ ಇದ್ದವಳು. "ಇವರ ಮಾತು ಕಾಯಾಕ ನನಗ ಪುರುಸೊತ್ತಿಲ್ರಿ ಅಕ್ಕಾರ, ನಾನ ಎಲ್ಲಾ ಮಾತಾಡ್ತೀನಿ," ಎನ್ನುತ್ತಿದ್ದಳು. ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಅವನು ತಿರುಗಿ ಬೈಯುವುದನ್ನು ಕಲಿತ. ಡಾಕ್ಟರ ಗುಳಿಗೆಗಿಂತ ಅದೇ ಹೆಚ್ಚು ಕೆಲಸ ಮಾಡಿತು ಎಂದು ಸುಂಕವ್ವನ ಅಭಿಪ್ರಾಯ. ಒಂದು ದಿನ ಅವರ ಓಣಿಯ ಬಯಲಿನಲ್ಲಿ ಹಳೆಯ ತೊಗಲುಗೊಂಬೆಗಳನ್ನು ಬಿಸಿಲಿಗೆ ಹರವಿ, ಅಕ್ಕಪಕ್ಕದ ಮಕ್ಕಳಿಗೆ ಆಡಿಸಿ ತೋರಿಸಿದ. ಸುಂಕವ್ವ ಹಾಡಲಿಲ್ಲ. ಅವನೇ ಎರಡೂ ದನಿ ಮಾಡಿದ. ತಾಯಿಯ ದನಿಯನ್ನು ಅವನು ಅಣಕಿಸಿದ ರೀತಿಗೆ ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು, ಹೊಡೆಯಲು ಹೋದಳು.

ಅವತ್ತು ಕೊನೆಯ ಬಸ್ಸು ತಪ್ಪಿತು. ಸೆಕೆಯೆಂದು ಎಲ್ಲರೂ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡೆವು. ಕೊಟ್ರೇಶ ತಲೆ ಇಟ್ಟ ಗಳಿಗೆಗೆ ಗೊರಕೆ ಹೊಡೆಯಲು ಶುರುಮಾಡಿದ. ಸಣ್ಣ ಗೊರಕೆಯಲ್ಲ, ಪಕ್ಕದ ಮಾಳಿಗೆಯವರು ಕೆಮ್ಮಿ ಎಚ್ಚರಿಸುವಂಥದು. ಅಂಥ ಮೈಯಿಂದ ಅಷ್ಟು ಗಾಳಿ ಒಳಗೂ ಹೊರಗೂ ಹೋಗುತ್ತಿತ್ತು. ಕೊಟ್ರಮ್ಮ ಎದ್ದು ಅವನನ್ನು ಮಗ್ಗಲಾಗಿಸಲು ಹೋದಳು.

"ಬ್ಯಾಡ, ಇರ್ಲಿ ಬಿಡು," ಎಂದೆ.

"ನಿಮಗ ನಿದ್ದಿ ಬರಾಂಗಿಲ್ರಿ ಅಕ್ಕಾರ."

ಆಕೆಗೆ ಉತ್ತರ ಹೇಳಿದೆನೋ ಇಲ್ಲವೋ ನೆನಪಿಲ್ಲ. ಕಣ್ಣು ಬಿಟ್ಟಾಗ ಮಾಳಿಗೆಯ ಮೇಲೆ ನಾನೊಬ್ಬಳೇ ಇದ್ದೆ. ಎಲ್ಲರ ಚಾಪೆಗಳನ್ನೂ ಸುತ್ತಿಟ್ಟಿದ್ದರು. ಬಿಸಿಲು ನನ್ನ ಮೊಣಕಾಲು ದಾಟಿ ಬಂದಿತ್ತು. ಕೆಳಗೆ ಸುಂಕವ್ವ ಯಾರಿಗೋ ಹೇಳುತ್ತಿದ್ದಳು, "ಚಾ ಎರಡು ಸಲ ಬಿಸಿ ಮಾಡಿಟ್ಟೀನಿ. ಯಾರೂ ಎಬ್ಬಿಸಬ್ಯಾಡ್ರಿ ಆಕೀನ."